ನೋಟ್‌ಬುಕ್ ಖಾಲಿ ಇದೆ, ಮಗು ಏನು ಕಲೀತು?



ಹೋದ ತಿಂಗಳು ಮಧುಗಿರಿಗೆ, ಅಕ್ಕನ ಮನೆಗೆ ಹೋಗಿದ್ದೆ. ಭಾವ ಒಂದು ನೋಟ್‌ಬುಕ್ ತಂದು ಮುಂದೆ ಇಟ್ರು. ಪೂರ್ತಿ ಖಾಲಿ. "ನೋಡಪ್ಪಾ, ನರ್ಸರಿಗೆ ಸೇರಿಸಿ ಆರು ತಿಂಗಳಾಯ್ತು. ಒಂದಕ್ಷರ ಬರೆಸಿಲ್ಲ. ದಿನಾ ರಾಗಿ ಸುರೀತಾನಂತೆ! ಅದಕ್ಕೆ ಫೀಸ್ ಯಾಕೆ ಕಟ್ಬೇಕು? ಬೇರೆ ಕಡೆ ಹಾಕ್ತೀನಿ" ಅಂದ್ರು. ಅಕ್ಕ ಸುಮ್ಮನಿದ್ದಳು.

ನಾನು ಬಿಕಾಂ ಓದಿದವನು. ದುಡ್ಡು ಕೊಟ್ಟೋರು ಲೆಕ್ಕ ಕೇಳೋದು ತಪ್ಪಲ್ಲ. ಅದಕ್ಕೇ ಮಾರನೇ ದಿನ ನಾನೇ ಆ ನರ್ಸರಿಗೆ ಹೋಗಿ ಒಂದು ಗಂಟೆ ಕೂತೆ.

ನಮ್ಮ ಹುಡುಗ ಒಂದು ಲೋಟದಿಂದ ಇನ್ನೊಂದಕ್ಕೆ ರಾಗಿ ಸುರೀತಿದ್ದ. ಚೆಲ್ತು. ಯಾರೂ ಬೈಲಿಲ್ಲ. ಅವನೇ ಕೂತು ಬೆರಳಲ್ಲಿ ಕಾಳು ಆರಿಸಿದ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು. ನಾಳೆ ಪೆನ್ಸಿಲ್ ಹಿಡಿಯೋದೂ ಇದೇ ಮೂರು ಬೆರಳು, ಅಲ್ವಾ? ಪಕ್ಕದಲ್ಲಿ ಸ್ವಲ್ಪ ದೊಡ್ಡ ಹುಡುಗಿ ಉಪ್ಪುಕಾಗದದಲ್ಲಿ ಕತ್ತರಿಸಿದ 'ಅ' ಮೇಲೆ ಬೆರಳಾಡಿಸ್ತಾ, ಬಾಯಲ್ಲಿ ಹೇಳ್ತಿದ್ದಳು. ಇನ್ನಿಬ್ಬರು ಹುಣಸೆ ಬೀಜವನ್ನ ಹತ್ತತ್ತರ ಗುಂಪು ಮಾಡ್ತಿದ್ರು. ನನಗೆ ಬಿಡಿ, ಹತ್ತು ಅಂದ್ರೆ ಮಗ್ಗಿ, ತಪ್ಪಿದ್ರೆ ಸ್ಕೇಲ್ ಏಟು.

ಇದು ದುಡ್ಡಿರೋರ ಶೋಕಿ ಅಂದ್ಕೋಬೇಡಿ. ಡಾಕ್ಟರ್ ಮರಿಯಾ ಮಾಂಟೆಸ್ಸರಿ 1907ರಲ್ಲಿ ತಮ್ಮ ಮೊದಲ ಶಾಲೆ ತೆರೆದಿದ್ದು ರೋಮ್‌ನ ಸ್ಯಾನ್ ಲೊರೆಂಜೊ ಅನ್ನೋ ಬಡವರ ಬಡಾವಣೆಯಲ್ಲಿ, ಕೂಲಿಯವರ ಮಕ್ಕಳಿಗೆ. 1939ರಲ್ಲಿ ಮದ್ರಾಸಿಗೆ ಬಂದು, ಯುದ್ಧದ ಕಾರಣ 1946ರವರೆಗೂ ಭಾರತದಲ್ಲೇ ಉಳಿದು ಇಲ್ಲಿನ ಶಿಕ್ಷಕರಿಗೆ ತರಬೇತಿ ಕೊಟ್ರು. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಚಿಕ್ಕ ಮಕ್ಕಳ ಕಲಿಕೆ ಆಟದ ಮೂಲಕವೇ ಆಗಬೇಕು ಅನ್ನುತ್ತೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ಸೇರಿದ್ರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಪಾವಗಡದ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಿರಾದಲ್ಲಿ ಉರ್ದುವೂ ಇದೆ. ಅಂಥ ಮಗುವಿಗೆ ಮೂರು ವರ್ಷಕ್ಕೇ ಎಬಿಸಿಡಿ ತಿದ್ದಿಸಿದ್ರೆ ಪುಟ ತುಂಬುತ್ತೆ, ತಲೆಗೆ ಏನೂ ಹೋಗಲ್ಲ. ಅದಕ್ಕೆ ಮೊದಲು ಬೇಕಿರೋದು ಮುಟ್ಟೋಕೆ ವಸ್ತು, ಅದರ ಹೆಸರು, ಆಮೇಲೆ ಮಾತು.

ಹಾಗಂತ ಬೋರ್ಡ್ ನೋಡಿ ಮರುಳಾಗಬೇಡಿ. 'ಮಾಂಟೆಸ್ಸರಿ' ಅಂತ ಯಾರು ಬೇಕಾದ್ರೂ ಬರೆಸ್ಕೋತಾರೆ. ಒಳಗೆ ಹೋಗಿ ನೋಡಿ. ಸಾಮಾನು ಮಗುವಿನ ಕೈಗೆ ಎಟುಕುತ್ತಾ, ಬೀಗ ಹಾಕಿದ ಬೀರುವಿನಲ್ಲಿದೆಯಾ? ಏನು ಮಾಡಬೇಕು ಅಂತ ಮಗುವೇ ಆರಿಸುತ್ತಾ? ಮೂರರಿಂದ ಆರು ವರ್ಷದೋರು ಒಟ್ಟಿಗೆ ಕೂರ್ತಾರಾ? ಫೀಸ್ ಕೇಳೋ ಮೊದಲು ಇದನ್ನ ಕೇಳಿ. ಹತ್ತಿರದ ಅಂಗನವಾಡಿಗೂ ಒಮ್ಮೆ ಹೋಗಿ ಬನ್ನಿ. 2024ರಲ್ಲಿ ಸರ್ಕಾರವೇ ಕೆಲವು ಅಂಗನವಾಡಿಗಳಲ್ಲಿ 'ಸರ್ಕಾರಿ ಮಾಂಟೆಸ್ಸರಿ' ಶುರು ಮಾಡಿದೆ.

ಇಷ್ಟೆಲ್ಲ ಹೇಳಿದ ಮೇಲೂ ಭಾವ ಪೂರ್ತಿ ಒಪ್ಪಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹುಡುಗ ಅಪ್ಪನ ಲೋಟಕ್ಕೆ ನೀರು ಬಗ್ಗಿಸಿದ. ಸ್ವಲ್ಪ ಚೆಲ್ತು. ಯಾರೂ ಹೇಳದೆ ತಾನೇ ಎದ್ದು ಬಟ್ಟೆ ತಂದು ಒರೆಸಿದ. ಭಾವ ಅವನನ್ನೇ ನೋಡ್ತಾ, "ಸರಿ, ಮಾರ್ಚ್‌ವರೆಗೂ ನೋಡೋಣ" ಅಂದ್ರು.

ನಿಮ್ಮ ಮನೆ ಮಗುವಿನ ನೋಟ್‌ಬುಕ್ಕೂ ಖಾಲಿ ಇದ್ರೆ, ಬೈಯೋ ಮೊದಲು ಒಂದು ಗಂಟೆ ಅದರ ಕ್ಲಾಸಲ್ಲಿ ಕೂತು ಬನ್ನಿ. ಮುಂದಿನ ವಾರ ಸಿಗೋಣ.