ಎರಡು ಮಾತ್ರೆ ಜೊತೆಯಾದಾಗ
(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯಲ್ಲಿ ನಿವೃತ್ತ ಶಿಕ್ಷಕರು ಮಾಡಿದ ಭಾಷಣ)



ವಿದ್ಯೆಯ ಮಹತ್ವದ ಬಗ್ಗೆ ನಾಲ್ಕು ಮಾತು ಹೇಳಿ ಎಂದಿದ್ದಾರೆ. ಮನೆಯ ಔಷಧದ ಡಬ್ಬಿಯಿಂದಲೇ ಅದನ್ನು ಹೇಳುತ್ತೇನೆ. ವಯಸ್ಸಾದ ಗಂಡಸರು ಮೂತ್ರದ ತೊಂದರೆಯನ್ನು ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಕೊನೆಗೆ ಒಬ್ಬ ವೈದ್ಯರು ಒಂದು ಮಾತ್ರೆ ಬರೆಯುತ್ತಾರೆ. ಹೊಟ್ಟೆನೋವಿಗೆಂದು ಬೇರೆ ಕಡೆಯಿಂದ ಇನ್ನೊಂದು ಬರುತ್ತದೆ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದೇ ಎಂದು ಕೇಳುವವರೇ ಇರುವುದಿಲ್ಲ.

ಮೂತ್ರಕೋಶವನ್ನು ಒಂದು ಚೀಲ ಎಂದುಕೊಳ್ಳಿ. ಅದರ ಬಾಯಿಯ ಸುತ್ತ ಪ್ರಾಸ್ಟೇಟ್ ಗ್ರಂಥಿ ಇದೆ. ವಯಸ್ಸಾದಂತೆ ಗ್ರಂಥಿ ದೊಡ್ಡದಾಗಿ ದಾರಿ ಇಕ್ಕಟ್ಟಾಗುತ್ತದೆ. ಟಾಮ್ಸುಲೋಸಿನ್‌ನಂತಹ ಆಲ್ಫಾ ಬ್ಲಾಕರ್ ಮಾತ್ರೆಗಳು ಆ ಬಾಯಿಯ ಸ್ನಾಯುವನ್ನು ಸಡಿಲಿಸುತ್ತವೆ. ಮೂತ್ರನಾಳದ ಕಲ್ಲಿಗೂ ಇದನ್ನು ಕೊಡುವುದುಂಟು. ಸೆಳೆತ ತಗ್ಗಿಸುವ ಮಾತ್ರೆಗಳ ಕೆಲಸ ಬೇರೆ. ಟಾಲ್ಟೆರೋಡಿನ್, ಸಾಲಿಫೆನಾಸಿನ್, ಆಕ್ಸಿಬ್ಯುಟಿನಿನ್ ಚೀಲದ ಹಿಂಡುವಿಕೆಯನ್ನೇ ಕಡಿಮೆ ಮಾಡುತ್ತವೆ. ಹೊಟ್ಟೆನೋವಿನ ಡೈಸೈಕ್ಲೋಮಿನ್, ಹಯೋಸಿನ್ ಕೂಡ ಇದೇ ಜಾತಿಯವು.

ಹಾಗಾದರೆ ಎರಡನ್ನೂ ಸೇರಿಸುವುದು ತಪ್ಪೇ? ತಪ್ಪೆನ್ನಲಾಗದು. ಅವಸರದ ಮೂತ್ರವೂ ಇಕ್ಕಟ್ಟಾದ ದಾರಿಯೂ ಒಟ್ಟಿಗೆ ಇರುವವರಿಗೆ ವೈದ್ಯರು ತಿಳಿದೇ ಎರಡನ್ನೂ ಬರೆಯುತ್ತಾರೆ. 2006ರಲ್ಲಿ ಪ್ರಕಟವಾದ, ಅಮೆರಿಕದಲ್ಲಿ 879 ಪುರುಷರ ಮೇಲೆ 12 ವಾರ ನಡೆದ ಅಧ್ಯಯನದಲ್ಲಿ ಟಾಲ್ಟೆರೋಡಿನ್ ಮತ್ತು ಟಾಮ್ಸುಲೋಸಿನ್ ಜೊತೆಯಾಗಿ ಪಡೆದವರಿಗೆ ಹೆಚ್ಚು ಪ್ರಯೋಜನವಾಯಿತು. ಮೂತ್ರ ಕಟ್ಟಿದವರು ತೀರ ವಿರಳ. ಆದರೆ ಅವರೆಲ್ಲ ಮೊದಲೇ ಪರೀಕ್ಷೆಗೆ ಒಳಗಾದವರು ಎಂಬುದನ್ನು ಮರೆಯಬಾರದು. ಮೂತ್ರ ಮಾಡಿದ ಮೇಲೆ ಚೀಲದಲ್ಲಿ ಎಷ್ಟು ಉಳಿಯುತ್ತದೆ ಎಂದು ಸ್ಕ್ಯಾನಿಂಗ್‌ನಲ್ಲಿ ನೋಡಬಹುದು. ಹೆಚ್ಚು ಉಳಿಯುತ್ತಿದ್ದರೆ, ಹಿಂಡುವ ಬಲವನ್ನೂ ತಗ್ಗಿಸಿದಾಗ ಮೂತ್ರ ಪೂರ್ತಿ ಕಟ್ಟಿಬಿಡಬಹುದು. ಅಪಾಯ ಇರುವುದು ಒಬ್ಬ ವೈದ್ಯರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲದಿರುವಲ್ಲಿ, ಅಂಗಡಿಯಿಂದ ನಾವೇ ಕೇಳಿ ತರುವಲ್ಲಿ. ಕೆಲವು ಶೀತದ ಮಾತ್ರೆಗಳೂ ಮೂತ್ರ ಕಟ್ಟಿಸಬಲ್ಲವು.

ಹಿರಿಯರು ಕೆಲವು ಸಂಗತಿಗಳನ್ನು ಗಮನದಲ್ಲಿಡಬೇಕು. ಆಲ್ಫಾ ಬ್ಲಾಕರ್‌ನಿಂದ ಎದ್ದು ನಿಂತಾಗ ರಕ್ತದೊತ್ತಡ ಇಳಿದು ತಲೆಸುತ್ತು ಬರಬಹುದು, ಅದರಲ್ಲೂ ಶುರುವಿನ ದಿನಗಳಲ್ಲಿ. ಬಿಪಿ ಮಾತ್ರೆಯೂ ಇದ್ದರೆ ಇನ್ನಷ್ಟು ಜಾಗ್ರತೆ. ರಾತ್ರಿ ಹಾಸಿಗೆಯಿಂದ ಏಳುವಾಗ ಒಂದು ನಿಮಿಷ ಕುಳಿತು ಏಳಿ. ಸಜ್ದಾದಿಂದ ಏಳುವಾಗಲೂ ನಿಧಾನವಿರಲಿ. ಬಿದ್ದು ಸೊಂಟದ ಮೂಳೆ ಮುರಿದರೆ ಈ ವಯಸ್ಸಿನಲ್ಲಿ ಚೇತರಿಕೆ ಕಷ್ಟ. ಟಾಮ್ಸುಲೋಸಿನ್ ಅನ್ನು ದಿನವೂ ಅದೇ ಊಟದ ನಂತರ ತೆಗೆದುಕೊಳ್ಳಬೇಕು. ಆದ್ದರಿಂದ ರಮಝಾನ್‌ಗೆ ಮೊದಲೇ ವೈದ್ಯರಲ್ಲಿ ಹೊತ್ತನ್ನು ಕೇಳಿಕೊಳ್ಳಿ. ಕಣ್ಣಿನ ಪೊರೆಯ ಆಪರೇಷನ್‌ಗೆ ಹೋಗುವವರು, ಈ ಮಾತ್ರೆಯನ್ನು ಹಿಂದೆ ಎಂದೋ ನಿಲ್ಲಿಸಿದ್ದರೂ, ಕಣ್ಣಿನ ವೈದ್ಯರಿಗೆ ಹೇಳಲೇಬೇಕು.

ಸೆಳೆತದ ಮಾತ್ರೆಗಳಿಂದ ಬಾಯಿ ಒಣಗುವುದು, ಮಲಬದ್ಧತೆ, ದೃಷ್ಟಿ ಮಂಜಾಗುವುದು, ವಯಸ್ಸಾದವರಲ್ಲಿ ಗೊಂದಲ ಉಂಟಾಗಬಹುದು. ಅಜ್ಜನ ಮಾತು ತಡವರಿಸಿದರೆ ವಯಸ್ಸಾಯಿತು ಎಂದು ಕೈಬಿಡಬೇಡಿ. ಹೊಸ ಮಾತ್ರೆ ಏನಾದರೂ ಶುರುವಾಗಿದೆಯೇ ನೋಡಿ. ಗ್ಲಾಕೋಮಾ ಇರುವವರು ಮೊದಲೇ ತಿಳಿಸಬೇಕು. ಮೂತ್ರ ಬಾರದೆ ಕೆಳಹೊಟ್ಟೆ ಉಬ್ಬಿ ನೋಯತೊಡಗಿದರೆ ಬೆಳಗಾಗಲಿ ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಹಾಗೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ನನ್ನ ಮಾತು ಕೇಳಿ ನಿಲ್ಲಿಸಬೇಡಿ. ಹೋಗಿ ಕೇಳಿ.

ಮಕ್ಕಳೇ, ಸ್ಟ್ರಿಪ್ಪಿನ ಮೇಲೆ ದೊಡ್ಡದಾಗಿರುವುದು ಕಂಪನಿ ಇಟ್ಟ ಹೆಸರು. ಔಷಧದ ನಿಜ ಹೆಸರನ್ನೂ ಅಲ್ಲೇ ಅಚ್ಚು ಹಾಕಿರುತ್ತಾರೆ. ಬೇರೆ ಬೇರೆ ಹೆಸರಿನ ಎರಡು ಸ್ಟ್ರಿಪ್ಪಿನಲ್ಲಿ ಒಂದೇ ಔಷಧ ಇರಬಹುದು. ನಿಮ್ಮ ಅಜ್ಜನಿಗೆ ಆ ಅಕ್ಷರ ಕಾಣದು, ಕಂಡರೂ ಇಂಗ್ಲಿಷ್ ಬಾರದು. ನಿಮಗೆ ಬರುತ್ತದೆ. ಈ ವಾರ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತು, ಬರೆದ ವೈದ್ಯರು ಯಾರು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಯಾವ ಆಸ್ಪತ್ರೆಗೆ ಹೋದರೂ ಅದು ಹಿರಿಯರ ಜೇಬಿನಲ್ಲಿರಲಿ. ಕಲಿತ ವಿದ್ಯೆ ಮೊದಲು ಮನೆಗೆ ಉಪಯೋಗವಾಗಲಿ.