ಕೊಪ್ಪಳ ಎಂದು ಬರೆದು ನೋಡುವುದು



ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ಬಯಲಿಗಿಳಿದು, ಕೊಪ್ಪಳ ಜಿಲ್ಲೆಯ ಅಂಚನ್ನು ಸವರಿಕೊಂಡು ಹರಿಯುತ್ತವೆ. ಮಲೆನಾಡಿನಲ್ಲಿ ಸುರಿದ ಮಳೆಯೇ ಮುನಿರಾಬಾದಿನ ಅಣೆಕಟ್ಟೆಯಲ್ಲಿ ನಿಂತು, ಎಡದಂಡೆ ಕಾಲುವೆಯಲ್ಲಿ ಹರಿದು, ಗಂಗಾವತಿಯ ಗದ್ದೆಗಳಲ್ಲಿ ಭತ್ತವಾಗುತ್ತದೆ. ಆ ನದಿಯ ನೀರುನಾಯಿಯ ಕುರಿತು ಅಲ್ಲಿಯ ಒಬ್ಬ ವಿದ್ಯಾರ್ಥಿನಿ ಶಾಲೆಯ ಪ್ರಾಜೆಕ್ಟಿಗಾಗಿ ಭಿತ್ತಿಪತ್ರವೊಂದನ್ನು ಸಿದ್ಧಪಡಿಸಬೇಕಾಗಿದೆ ಎಂದು ಭಾವಿಸಿರಿ. ಹಿಂದಾದರೆ ಬಿಳಿ ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್ನು, ಅಂಟು ಸಾಕಿದ್ದವು. ಇಂದು ಅವಳ ಮುಂದೆ ಉಚಿತವಾಗಿ ದೊರೆಯುವ ವಿನ್ಯಾಸ ಸಾಧನಗಳಿವೆ. 2013ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಕ್ಯಾನ್ವಾ ಬ್ರೌಸರಿನಲ್ಲಿಯೇ ತೆರೆದುಕೊಳ್ಳುತ್ತದೆ. ಫೋಟೊಪೀ ಕೂಡ ಹಾಗೆಯೇ. ಇಂಕ್‌ಸ್ಕೇಪ್ ಮತ್ತು ಗಿಂಪ್ ಮುಕ್ತ ತಂತ್ರಾಂಶಗಳು. ಅವುಗಳನ್ನು ಒಮ್ಮೆ ಇಳಿಸಿಕೊಂಡರೆ ಅಂತರ್ಜಾಲವಿಲ್ಲದೆಯೂ ಕೆಲಸ ನಡೆಯುತ್ತದೆ. ನೆಟ್‌ವರ್ಕ್ ಬಂದು ಹೋಗುವ ಊರುಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ತಿಳಿಯಲು ಒಂದು ಸರಳ ಪರೀಕ್ಷೆಯುಂಟು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದಾಗ ಕೊಪ್ಪಳದಲ್ಲಿದ್ದ ನಾಲ್ಕು ತಾಲ್ಲೂಕುಗಳ ಹೆಸರನ್ನು ಅಲ್ಲಿ ಬರೆದು ನೋಡುವುದು. ಕೊಪ್ಪಳ ಎಂಬಲ್ಲಿ ಪಕಾರದ ಒತ್ತಿದೆ. ಕನ್ನಡವನ್ನು ಅರಿಯದ ತಂತ್ರಾಂಶ ಅದನ್ನು 'ಕೊಪ್‌ಪಳ' ಎಂದು ಬಿಡಿಸಿ ಇಡುತ್ತದೆ. ಕುಷ್ಟಗಿಯಲ್ಲಿ ಷಕಾರದ ಕೆಳಗೆ ಟಕಾರ ಸೇರಬೇಕು. ಯಲಬುರ್ಗಾ ಎಲ್ಲಕ್ಕಿಂತ ಕಠಿಣ, ಏಕೆಂದರೆ ಮೊದಲು ಉಚ್ಚರಿಸುವ ರಕಾರವು ಬರಹದಲ್ಲಿ ಅರ್ಕಾವೊತ್ತಾಗಿ ಗಕಾರದ ನಂತರ ಬರಬೇಕು. ಗಂಗಾವತಿಯಲ್ಲಿ ಒತ್ತಕ್ಷರವಿಲ್ಲವಾದ್ದರಿಂದ ಅದು ಬಹುಮಟ್ಟಿಗೆ ಪಾರಾಗುತ್ತದೆ. 'ತಿ'ಯ ಗುಡಿಸು ಮಾತ್ರ ಅಲುಗಬಹುದು. ಹೀಗಾಗಿ ಗಂಗಾವತಿಯ ವಿದ್ಯಾರ್ಥಿ ತನ್ನ ಊರಿನ ಹೆಸರನ್ನಷ್ಟೇ ಬರೆದು ತೃಪ್ತನಾಗಬಾರದು. ಇಂಕ್‌ಸ್ಕೇಪ್, ಗಿಂಪ್‌ಗಳಲ್ಲಿ ಈ ಹೆಸರುಗಳು ಸರಿಯಾಗಿ ಮೂಡುತ್ತವೆ. ಪುಟವಿನ್ಯಾಸದ ಸ್ಕ್ರೈಬಸ್‌ನ ಹಳೆಯ 1.4 ಸರಣಿಯಲ್ಲಿ ಒತ್ತಕ್ಷರಗಳು ಕೂಡುತ್ತಿರಲಿಲ್ಲ. 2024ರಲ್ಲಿ ಬಂದ 1.6 ಆವೃತ್ತಿಯಲ್ಲಿ ಆ ದೋಷ ನೀಗಿತು. ತಂತ್ರಾಂಶ ಸರಿಯಿದ್ದರೂ ಶೀರ್ಷಿಕೆಯನ್ನು ಕಮಾನಿನಂತೆ ಬಗ್ಗಿಸಿದಾಗ, ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದಾಗ ಒತ್ತುಗಳು ಕೆಲವೊಮ್ಮೆ ಕಳಚಿಕೊಳ್ಳುತ್ತವೆ. ಇಂಗ್ಲಿಷಿಗೆ ಅಲಂಕಾರವಾದದ್ದು ಕನ್ನಡಕ್ಕೆ ಅಂಗಭಂಗವಾಗುವುದು ಹೀಗೆ.

ಇನ್ನೊಂದು ತೊಡಕು ಹಳೆಯದು. ಶಿಕ್ಷಕರ ಬಳಿ ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪಾಠಗಳು, ಟಿಪ್ಪಣಿಗಳು ಇಂದಿಗೂ ಇವೆ. ಅವನ್ನು ನೇರವಾಗಿ ತಂದು ಅಂಟಿಸಿದರೆ ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ ಕಾಣಿಸಿಕೊಳ್ಳುತ್ತದೆ. ಅದು ಯಂತ್ರದ ದೋಷವಲ್ಲ, ಸಂಕೇತವ್ಯವಸ್ಥೆಯ ಭೇದ. ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿಯೇ ದೊರೆಯುತ್ತವೆ. ಬದಲಾಯಿಸಿದ ಮೇಲೆ ಒಮ್ಮೆ ಓದಿ ತಿದ್ದಬೇಕು. ಯೂನಿಕೋಡಿನಲ್ಲಿ ನೋಟೊ ಸ್ಯಾನ್ಸ್ ಕನ್ನಡ, ಬಲೂ ತಮ್ಮ, ತಿರೋ ಕನ್ನಡ, ಅನೇಕ್ ಕನ್ನಡ ಮುಂತಾದ ಒಳ್ಳೆಯ ಅಕ್ಷರಶೈಲಿಗಳು ಹಣವಿಲ್ಲದೆ ಲಭ್ಯವಿವೆ.

ಅಕ್ಷರ ಸರಿಹೋಯಿತು, ಚಿತ್ರವೆಲ್ಲಿಂದ? ಹೆಚ್ಚಿನ ಎಡವಟ್ಟು ಇಲ್ಲಿಯೇ. ಸಿದ್ಧಮಾದರಿಗಳ ಉಗ್ರಾಣದಲ್ಲಿ ನೀರುನಾಯಿಯನ್ನು ಹುಡುಕಿದರೆ, ಬೆನ್ನಮೇಲೆ ಮಲಗಿ ಎದೆಯಮೇಲೆ ಚಿಪ್ಪು ಇಟ್ಟುಕೊಂಡು ತೇಲುವ ಮುದ್ದಾದ ಪ್ರಾಣಿಯೊಂದು ಎದುರಾಗಬಹುದು. ಅದು ಉತ್ತರ ಪೆಸಿಫಿಕ್ಕಿನ ಕಡಲ ನೀರುನಾಯಿ. ತುಂಗಭದ್ರೆಯದು ನುಣುಪು ತುಪ್ಪಳದ, ಚಪ್ಪಟೆ ಬಾಲದ, ಗುಂಪಾಗಿ ಮೀನು ಹಿಡಿಯುವ ಬೇರೊಂದು ಜಾತಿ. ಇದರ ರಕ್ಷಣೆಗಾಗಿಯೇ 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದಿಪಾತ್ರವನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ತನ್ನ ಊರಿನ ನದಿಯಲ್ಲಿಯೇ ಇರುವ ಪ್ರಾಣಿಯ ಭಿತ್ತಿಪತ್ರದಲ್ಲಿ ಅಮೆರಿಕದ ಕಡಲಿನ ಪ್ರಾಣಿ ಕುಳಿತರೆ ಆ ಪ್ರಾಜೆಕ್ಟಿನಿಂದ ಕಲಿತದ್ದೇನು? 'ಪರಿಸರ' ಎಂದು ಹುಡುಕಿದರೂ ಇದೇ ಕಥೆ. ಹಿಮ ಹೊದ್ದ ಶಿಖರ, ಪೈನ್ ಮರ, ಹಸಿರು ಹುಲ್ಲುಗಾವಲು ಮುಂದೆ ಬರುತ್ತವೆ. ಆನೆಗೊಂದಿಯ ಬಂಡೆರಾಶಿಯಾಗಲಿ, ಮಳೆಯನ್ನೇ ನಂಬಿದ ಕುಷ್ಟಗಿಯ ಹೊಲವಾಗಲಿ ಅಲ್ಲಿ ದೊರೆಯುವುದು ಅಪರೂಪ. ದೇವಾಲಯವೆಂದರೆ ಎತ್ತರದ ಗೋಪುರವೇ ಬರುವುದು ಹೆಚ್ಚು. ಯಲಬುರ್ಗಾ ಸೀಮೆಯ, ಈಗ ಕುಕನೂರು ತಾಲ್ಲೂಕಿಗೆ ಸೇರಿದ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯ ಹಾಗಿಲ್ಲ. ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಚಿತ್ರಗಳಂತೂ ಇಲ್ಲದ ಕಂಬಗಳನ್ನೂ ಸೇರಿಸಿಬಿಡುತ್ತವೆ.

ಪರಿಹಾರ ದೂರವಿಲ್ಲ. ಹೊಲ, ಗುಡ್ಡ, ಗುಡಿಗಳ ಚಿತ್ರವನ್ನು ಮನೆಯವರ ಫೋನಿನಲ್ಲಿ ತೆಗೆಯಬಹುದು. ಅಥವಾ ಕಾಗದದ ಮೇಲೆ ಕೈಯಿಂದ ಬರೆದು, ಅದರ ಫೋಟೊ ತೆಗೆದು, ವಿನ್ಯಾಸದೊಳಗೆ ಇಡಬಹುದು. ಮರದ ಹೊಟ್ಟು, ಹುಣಸೆಬೀಜದ ಅಂಟು ಬಳಸಿ ಬೊಂಬೆ ಮಾಡುವ ಕಿನ್ನಾಳದ ಚಿತ್ರಗಾರರ ಜಿಲ್ಲೆಯಲ್ಲಿ ಕೈಚಿತ್ರಕ್ಕೆ ನಾಚಿಕೆ ಏಕೆ? ನೀರುನಾಯಿಯ ಹಿಂದೆ ಕ್ಯಾಮೆರಾ ಹಿಡಿದು ನದಿಗಿಳಿಯುವುದು ಮಾತ್ರ ಬೇಡ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಜಾತಿಯ ಹೆಸರು ಸಹಿತ ಚಿತ್ರಗಳಿವೆ. ಅಲ್ಲಿಂದ ತೆಗೆದುಕೊಂಡಾಗ ಛಾಯಾಗ್ರಾಹಕರ ಹೆಸರನ್ನೂ ಪರವಾನಗಿಯನ್ನೂ ಮೂಲೆಯಲ್ಲಿ ನಮೂದಿಸಬೇಕು. ಉಚಿತವೆಂದರೆ ಅನಾಮಧೇಯವೆಂದಲ್ಲ.

ಉಚಿತವೆಂಬ ಮಾತಿಗೂ ಎರಡರ್ಥ. ಇಂಕ್‌ಸ್ಕೇಪನ್ನು ನಕಲು ಮಾಡಿ ಪಕ್ಕದ ಶಾಲೆಗೆ ಕೊಡಲು ಯಾರ ಅಪ್ಪಣೆಯೂ ಬೇಡ. ಕ್ಯಾನ್ವಾದಂಥವುಗಳಲ್ಲಿ ಒಂದಷ್ಟು ಉಚಿತ, ಉಳಿದದ್ದಕ್ಕೆ ಬೆಲೆ. ಬೆಲೆಯ ಚಿತ್ರವನ್ನು ಹಣ ಕೊಡದೆ ಇಟ್ಟರೆ ಅದರ ಮೇಲೆ ನೀರುಗುರುತು ಉಳಿಯುತ್ತದೆ. ಶಾಲಾ ಶಿಕ್ಷಕರು ತಮ್ಮ ವೃತ್ತಿಯನ್ನು ದೃಢಪಡಿಸಿದರೆ ಅವರಿಗೂ ವಿದ್ಯಾರ್ಥಿಗಳಿಗೂ ಶಿಕ್ಷಣದ ಉಚಿತ ಖಾತೆ ದೊರೆಯುತ್ತದೆ. ಚಿಕ್ಕ ಮಕ್ಕಳು ತಾವೇ ಖಾತೆ ತೆರೆಯುವುದಕ್ಕಿಂತ ಇದು ಮೇಲು.

ಕಡೆಗೆ ಮುದ್ರಣ. ಎ4 ಹಾಳೆಗೆ ಇಂಚಿಗೆ 300 ಚುಕ್ಕೆಗಳ ಲೆಕ್ಕದಲ್ಲಿ 2480 ಅಗಲ, 3508 ಎತ್ತರದ ಚಿತ್ರ ಬೇಕು. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಸಾಗಿದ ಫೋಟೊ ಕುಗ್ಗಿರುವುದರಿಂದ ಮಸುಕಾಗುತ್ತದೆ. ಮೂಲ ಕಡತವನ್ನೇ ಒಯ್ಯಬೇಕು. ಪರದೆಯ ಹೊಳೆಯುವ ಹಸಿರು ಕಾಗದದ ಮೇಲೆ ಕಂದುವುದೂ ಸಹಜ. ಅಂಗಡಿಯವರು ಅಗ್ಗವೆಂದು ಫ್ಲೆಕ್ಸ್ ಸೂಚಿಸಬಹುದು. ಅದು ಪ್ಲಾಸ್ಟಿಕ್, ರಾಜ್ಯ ಸರ್ಕಾರ 2016ರಲ್ಲಿಯೇ ಅದನ್ನು ನಿಷೇಧಿಸಿ ಅಧಿಸೂಚನೆ ಹೊರಡಿಸಿತು. ನೀರುನಾಯಿಯ ಭಿತ್ತಿಪತ್ರ ನಾಳೆ ಅದೇ ಹೊಳೆಯಲ್ಲಿ ತೇಲಬಾರದಷ್ಟೆ. ಎರಡು ಹಾಳೆಗಳಲ್ಲಿ ಮುದ್ರಿಸಿ ನಡುವೆ ಅಂಟಿಸಿದರೆ ತರಗತಿಯ ಗೋಡೆಗೆ ಸಾಕಾಗುತ್ತದೆ. ಅಂಟಿಸುವಾಗ ಸೇರುವೆ ಅಕ್ಷರಗಳ ಮೇಲೆ ಬಾರದಂತೆ, ಶೀರ್ಷಿಕೆಯನ್ನು ಮೇಲಿನ ಹಾಳೆಯಲ್ಲಿಯೇ ಪೂರ್ತಿ ಇಡಬೇಕು.