ಮೂರರಲ್ಲಿ ಒಂದು ಜೋಡಣೆ

ಶಹಾಪುರ, ಸುರಪುರದ ಕಡೆ ಕಣ್ಣು ಹಳದಿಯಾದರೆ ಮೊದಲು ಕಾಮಣಿಗೆ ಔಷಧಿ ಕೊಡುವವರನ್ನು ಹುಡುಕುತ್ತೇವೆ. ಸೋಂಕಿನಿಂದ ಬಂದ ಕಾಮಣಿ ಬಹಳ ಸಲ ತಾನಾಗಿ ಇಳಿಯುತ್ತದೆ, ಹೆಸರು ಔಷಧಿಗೆ ಬರುತ್ತದೆ. ಆದರೆ ನೋವಿಲ್ಲದೆ ದಿನೇ ದಿನೇ ಏರುವ ಕಾಮಣಿ, ಮೈತುರಿಕೆ, ಬಿಳಚಿದ ಮಲ, ಇಳಿಯುವ ತೂಕ ಒಟ್ಟಿಗೆ ಕಂಡರೆ ತಡಮಾಡಬೇಡಿ. ಮೇದೋಜೀರಕ ಗ್ರಂಥಿಯ ತಲೆಭಾಗದ ಗಡ್ಡೆ ಪಿತ್ತನಾಳವನ್ನು ಒತ್ತುತ್ತಿರಬಹುದು.

ಗಡ್ಡೆ ಹರಡಿರದಿದ್ದರೆ ಅದನ್ನು ತೆಗೆಯುವ ಶಸ್ತ್ರಚಿಕಿತ್ಸೆಗೆ, 1935ರಲ್ಲಿ ಆ ವಿಧಾನವನ್ನು ವರದಿ ಮಾಡಿದ ನ್ಯೂಯಾರ್ಕಿನ ಅಲೆನ್ ವಿಪಲ್ ಅವರ ಹೆಸರಿದೆ. ಗ್ರಂಥಿಯ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ ತೆಗೆದ ಮೇಲೆ ಪಿತ್ತನಾಳ, ಜಠರ, ಉಳಿದ ಗ್ರಂಥಿ ಮೂರನ್ನೂ ಕರುಳಿಗೆ ಜೋಡಿಸಬೇಕು. ಶಸ್ತ್ರವೈದ್ಯರನ್ನು ಹೆಚ್ಚು ಕಾಡುವುದು ಗ್ರಂಥಿಯ ಜೋಡಣೆ. ಆರೋಗ್ಯವಂತ ಗ್ರಂಥಿ ಬೆಣ್ಣೆಯಷ್ಟು ಮೆತ್ತಗೆ. ದಾರ ಬಿಗಿದರೆ ಅದನ್ನೇ ಕೊಯ್ಯುತ್ತದೆ. ಅದರ ನಾಳ 3 ಮಿಲಿಮೀಟರ್‌ಗಿಂತ ಸಣ್ಣದಿದ್ದರೆ ಕಷ್ಟ ಇನ್ನೂ ಹೆಚ್ಚು. ಸೋರಿದ ರಸ ಮಾಂಸವನ್ನೇ ಜೀರ್ಣಿಸುವಂಥದು, ಪಕ್ಕದ ರಕ್ತನಾಳದ ಗೋಡೆಯನ್ನೂ ಬಿಡುವುದಿಲ್ಲ.

ಹಾಗಾಗಿ ಹಲವು ಉಪಾಯಗಳು ಹುಟ್ಟಿವೆ. ನಾಳದ ಬಾಯಿಯನ್ನು ಕರುಳಿನ ಒಳಪದರಕ್ಕೆ ನವಿರಾದ ದಾರದಿಂದ ಹೊಲಿಯುತ್ತಾರೆ. ಬ್ಲಮ್‌ಗಾರ್ಟ್ ವಿಧಾನದಲ್ಲಿ ಸೂಜಿ ಗ್ರಂಥಿಯ ಆಚೆ ಈಚೆ ಪೂರ್ತಿ ಹಾಯುತ್ತದೆ, ಗಂಟು ಮಾತ್ರ ಕರುಳಿನ ಗೋಡೆಯ ಮೇಲೆ ಬೀಳುತ್ತದೆ; ಮೆತ್ತನೆಯ ಗ್ರಂಥಿ ಹರಿಯುವುದು ತಪ್ಪುತ್ತದೆ. ಕೆಲವರು ಗ್ರಂಥಿಯನ್ನು ಜಠರಕ್ಕೇ ಜೋಡಿಸುತ್ತಾರೆ, ಕೆಲವರು ನಾಳದೊಳಗೆ ಸಣ್ಣ ಕೊಳವೆ ಇಡುತ್ತಾರೆ. ಇದೊಂದೇ ಶ್ರೇಷ್ಠ ಎಂದು ಯಾವುದೂ ಸಾಬೀತಾಗಿಲ್ಲ. ನನ್ನ ಮಟ್ಟಿಗೆ, ವಿಧಾನಕ್ಕಿಂತ ಪಳಗಿದ ಕೈ ಮುಖ್ಯ. 2002ರ ಅಮೆರಿಕದ ಅಧ್ಯಯನವೊಂದರಲ್ಲಿ ಅಪರೂಪಕ್ಕೆ ಈ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗಳಲ್ಲಿ ನೂರಕ್ಕೆ ಸುಮಾರು 16 ಮಂದಿ ತೀರಿಕೊಂಡಿದ್ದರು, ಹೆಚ್ಚು ಮಾಡುವಲ್ಲಿ 4ಕ್ಕಿಂತ ಕಡಿಮೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ, ಹೈದರಾಬಾದಿಗೆ ಹೋಗಿ, ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಿ.

ಶಸ್ತ್ರಚಿಕಿತ್ಸೆಯ ನಂತರ ಹೊಟ್ಟೆಯಿಂದ ಹೊರಬಂದಿರುವ ಡ್ರೇನ್ ಕೊಳವೆಯೂ ಕಾವಲುಗಾರನೇ. ಮೂರನೇ ದಿನದ ಹೊತ್ತಿಗೆ ಅದರ ನೀರಿನಲ್ಲಿ ಗ್ರಂಥಿಯ ರಸದ ಅಮೈಲೇಸ್ ಎಂಬ ಕಿಣ್ವ ರಕ್ತದ ಸಹಜ ಮಿತಿಯ ಮೂರು ಪಟ್ಟು ಮೀರಿದ್ದರೆ ಸೋರಿಕೆಯ ಗುಮಾನಿ. ಕಡಿಮೆಯಿದ್ದರೆ ಕೊಳವೆ ಬೇಗ ತೆಗೆಯಬಹುದು. ಕೆಲವು ದಿನಗಳ ಮೇಲೆ ಕೊಳವೆಯಲ್ಲಿ ತುಸುವೇ ರಕ್ತ ಕಂಡರೂ ದೊಡ್ಡ ರಕ್ತಸ್ರಾವದ ಮುನ್ಸೂಚನೆ ಇರಬಹುದು. ಕೂಡಲೇ ಸ್ಕ್ಯಾನ್ ಮಾಡಿ, ತೊಡೆಸಂದಿಯ ರಕ್ತನಾಳದ ಮೂಲಕ ಹೋಗಿ ಸೋರುವ ಜಾಗ ಮುಚ್ಚುವ ವ್ಯವಸ್ಥೆ ದೊಡ್ಡ ಆಸ್ಪತ್ರೆಗಳಲ್ಲಿದೆ.

ಸುರಪುರ, ಶಹಾಪುರಕ್ಕೆ ರೈಲಿಲ್ಲ. ಯಾದಗಿರಿವರೆಗೆ ಬಸ್ಸು, ಅಲ್ಲಿಂದ ಬೆಂಗಳೂರಿಗೆ ರಾತ್ರಿಯ ರೈಲು. ಆದ್ದರಿಂದ ಬಿಡುಗಡೆಯಾದ ಕೂಡಲೇ ಊರಿಗೆ ಹೊರಡದೆ, ವೈದ್ಯರು ಹೇಳುವಷ್ಟು ದಿನ ಆಸ್ಪತ್ರೆಯ ಹತ್ತಿರ ಕೋಣೆ ಹಿಡಿದಿರಿ. ಜ್ವರ ಬಂದರೆ, ವಾಂತಿಯಲ್ಲೋ ಮಲದಲ್ಲೋ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ಆಸ್ಪತ್ರೆ ಸೇರಿ.